ಏರಿಯಮ್ಮನ ರೇಷ್ಮೆ ವಸ್ತ್ರ

ಪಂಚಾಯ್ತಿ ಚುನಾವಣೆ ಗೆದ್ದ ದಿನ ಇಂದುಜಾಗೆ ಆ ರೇಷ್ಮೆ ವಸ್ತ್ರದ ನೆನಪೇ ಆಗಿರಲಿಲ್ಲ. ಬೀದಿದೀಪ, ಚರಂಡಿ, ಶಾಲೆಯ ಶೌಚಾಲಯ ಅಂತ ತಲೆತುಂಬ ಕೆಲಸ ತುಂಬಿಕೊಂಡಿದ್ದಳು. ಕಾರ್ತಿಕದ ಮಳೆಗೆ ಕೆರೆ ಕೋಡಿಯವರೆಗೆ ಬಂದು, ಪೂಜಾರಿ ವೇಲು ಮನೆಬಾಗಿಲಿಗೆ ಬಂದು ಬುಧವಾರ ತೂಬು ತೆಗೆದು ಗದ್ದೆಗೆ ನೀರು ಬಿಡೋಣವೇ ಎಂದು ಕೇಳಿದಾಗಲೇ ಅದು ನೆನಪಾದದ್ದು.

ಪೆರಿಯಕುಳಂನಿಂದ ಬತ್ತಲಗುಂಡಿನ ಕಡೆ ಹೋಗುವ ದಾರಿಯಲ್ಲಿರುವ ಈ ಊರಲ್ಲಿ ಮನೆಮಾತು ಕನ್ನಡ, ಅಂಗಡಿಮಾತು ತಮಿಳು. ತೂಬು ತೆಗೆಯುವ ದಿನ ಕೆರೆ ಏರಿಯ ಮೇಲಿನ ಏರಿಯಮ್ಮನಿಗೆ ಕರ್ಪೂರ ಬೆಳಗಿ, ಅವಳ ಪಾದದ ಮೇಲಿಟ್ಟ ರೇಷ್ಮೆ ವಸ್ತ್ರವನ್ನು ಪಂಚಾಯ್ತಿ ಅಧ್ಯಕ್ಷರ ತಲೆಗೆ ಕಟ್ಟುತ್ತಾರೆ. ಊರಿನ ಮೊದಲ ಮರ್ಯಾದೆ ಅದು. ಇಂದುಜಾಳ ತಾತ ಹನ್ನೊಂದು ವರ್ಷ ಅದನ್ನು ಕಟ್ಟಿಸಿಕೊಂಡವರು.

ಆದರೆ ಇಂದುಜಾ ಕ್ರೈಸ್ತಳು. ದಿಂಡಿಗಲ್ಲಿನಲ್ಲಿ ನರ್ಸಿಂಗ್ ಓದುವಾಗ ನಂಬಿದಳು, ದೀಕ್ಷಾಸ್ನಾನ ಮಾಡಿಸಿಕೊಂಡಳು. ಊರು ಒಂದೆರಡು ವರ್ಷ ಗೊಣಗಿ ಸುಮ್ಮನಾಯಿತು. ಎಲ್ಲರ ಮಕ್ಕಳಿಗೂ ಸೂಜಿ ಹಾಕಿದ ಕೈ ಅದು, ಎಷ್ಟು ದಿನ ಮುನಿಸಿಕೊಂಡಿರುವುದು? ವೋಟನ್ನೂ ಹಾಕಿದರು. ವಸ್ತ್ರದ ಬಗ್ಗೆ ಹಿರಿಯರು ಎರಡು ಸಂಜೆ ಕೂತು ಮಾತಾಡಿದ್ದರಂತೆ. ಅವಳ ಧರ್ಮದ ಬಗ್ಗೆ ಅಲ್ಲ! ಹೆಂಗಸಿನ ತಲೆಗೆ ಕಟ್ಟುವುದು ಹೇಗೆ ಎಂಬುದೇ ಅವರ ಚಿಂತೆ. ಕೊನೆಗೆ ಹೆಗಲಿಗೆ ಹೊದಿಸೋಣ ಎಂದು ತೀರ್ಮಾನಿಸಿದರು. ಇಷ್ಟು ಬಗ್ಗಿದವರಿಗೆ ಒಲ್ಲೆ ಅನ್ನುವುದು ಹೇಗೆ ಎಂದು ಇಂದುಜಾಗೆ ಸಂಕಟವಾಯಿತು.

ಅವಳು ಭಾನುವಾರ ಹೋಗುವ ಕ್ರೈಸ್ತ ಸಭೆಯ ಪಾಸ್ಟರ್ ವಸಂತಕುಮಾರ್ ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ಕೇಳಿದರು: "ಬುಧವಾರ ಆ ವಸ್ತ್ರ ಹೊದ್ದುಕೊಂಡು, ಭಾನುವಾರ ಕರ್ತನ ಭೋಜನದ ರೊಟ್ಟಿ ತಗೊಳ್ಳೋಕೆ ಹೆಂಗೆ ಬರ್ತೀರಿ, ಸಿಸ್ಟರ್?"

ತಾಯಿ ನಾಗಮ್ಮಾಳ್ ಇಂದಿಗೂ ಏರಿಯಮ್ಮನಿಗೆ ನಡೆದುಕೊಳ್ಳುವವಳು. ಅವಳಂದದ್ದು ಇಷ್ಟೇ: "ನಿನ್ ತಾತಂಗೆ ಕಟ್ಟಿದ್ ತುಣಿ ಅದು. ನೀ ವೇಂಡಾಂತ ತಳ್ಳಿಬಿಟ್ರೆ ನಾ ಬೀದೀಲಿ ತಲೆಯೆತ್ತಿ ನಡೆಯೋದ್ ಬೇಡ್ವಾ?"

ಇಂದುಜಾ ಬೈಬಲ್ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮಂಗಳವಾರ ಹಾಲು ಕಾಯಿಸುತ್ತಿದ್ದಾಗ ಅವಳಿಗೊಂದು ಉಪಾಯ ಹೊಳೆಯಿತು. ತೂಬು ತೆಗೆಯುವವಳು ಅವಳಂತೂ ಅಲ್ಲ. ಮೂವತ್ತು ವರ್ಷದಿಂದ ಕೆರೆಯಲ್ಲಿ ಮುಳುಗಿ, ಹೂಳಲ್ಲಿ ಸಿಕ್ಕಿಕೊಂಡ ಮರದ ಗೂಟವನ್ನು ಅಲ್ಲಾಡಿಸಿ ಹಗ್ಗ ಬಿಗಿಯುವವನು ನೀರುಗಂಟಿ ಚಿನ್ನಯ್ಯ. ಏರಿಯ ಕೆಳಗಿನ ಬೀದಿಯವನು. ಅವನ ಬೀದಿಯವರು ಗುಡಿಯ ಕಟ್ಟೆಯನ್ನೇ ಹತ್ತುವುದಿಲ್ಲ. ಆ ಮರ್ಯಾದೆ ಅವನಿಗೆ ಸಿಗಲಿ! ತನ್ನ ವಿಶ್ವಾಸವೂ ಉಳಿಯಿತು, ಊರಿಗೆ ನ್ಯಾಯವೂ ಆಯಿತು. ಸುಳ್ಳೇಕೆ, ತೇನಿಯ ಪತ್ರಿಕೆಯವರು ಬರೆದರೂ ಬರೆದಾರು ಎಂದೂ ಅವಳಿಗೆ ಅನಿಸಿತು. ನೆಮ್ಮದಿಯಾಗಿ ಕಾಫಿ ಕುಡಿದಳು. ವೇಲುವಿಗೆ ಹೇಳಲಿಲ್ಲ, ಚಿನ್ನಯ್ಯನನ್ನು ಕೇಳಲೂ ಇಲ್ಲ.

ಬುಧವಾರ ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ಕರ್ಪೂರ ಆರಿದ ಮೇಲೆ ವೇಲು ತಟ್ಟೆ ಹಿಡಿದು, ದೂರ ನಿಂತಿದ್ದ ಇಂದುಜಾಳ ಹತ್ತಿರ ಬಂದ.

"ವೇಲಣ್ಣಾ, ತೂಬು ತೆಗೆಯೋದು ನಾನಲ್ಲ. ತೆಗೆಯೋನಿಗೇ ಕಟ್ಟಿ. ಚಿನ್ನಯ್ಯಂಗೆ," ಎಂದಳು.

ಹಿಂದೆ ಯಾರೋ ಗುರ್ ಅಂದರು. ನಾಗಮ್ಮಾಳ್ ಸೆರಗು ಬಾಯಿಗೆ ಒತ್ತಿಕೊಂಡಳು. ವೇಲು, ಅವನ ದೊಡ್ಡತನ ಅನ್ನಬೇಕು, ನೀರಿನಂಚಿನಲ್ಲಿ ಚಡ್ಡಿ ಬಿಗಿದು ನಿಂತಿದ್ದ ಚಿನ್ನಯ್ಯನ ಕಡೆಗೆ ಎರಡು ಹೆಜ್ಜೆ ಇಟ್ಟ.

ಚಿನ್ನಯ್ಯ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಅಮ್ಮಾ, ನಿಮ್ಗೆ ಆಗದ್ದು ನಂಗೆ ಆಗುತ್ತಾ? ನಾನೂ ಅದೇ ಸಬೆಯವ್ನು ತಾನೇ."

ದನಿ ಎತ್ತಿ ಹೇಳಲಿಲ್ಲ. ಹತ್ತಿರದವರಿಗಷ್ಟೇ ಕೇಳಿಸಿತು. ಇಂದುಜಾ ಪ್ರತಿ ಭಾನುವಾರ ಸಭೆಯಲ್ಲಿ ಅವನನ್ನು ನೋಡುತ್ತಿದ್ದಳು, ಆದರೂ ಅದು ಅವಳ ತಲೆಗೇ ಹೊಳೆದಿರಲಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕ, ಕೊನೆಯ ಚಾಪೆಯ ಮೇಲೆ, ಹೆಂಡತಿ ಪಾಪಮ್ಮಾಳ್ ಜೊತೆ ಕೂತಿರುತ್ತಿದ್ದ. ಮೂವತ್ತು ವರ್ಷ ಈ ಕರ್ಪೂರದ ಎದುರೇ ನಿಂತು ನೀರಿಗಿಳಿದಿದ್ದಾನೆ. ನಿನ್ನ ವಿಶ್ವಾಸದ ಗತಿಯೇನಪ್ಪಾ ಎಂದು ಯಾವ ಪಾಸ್ಟರೂ ಅವನನ್ನು ಕೇಳಲಿಲ್ಲ, ತಾನೂ ಕೇಳಲಿಲ್ಲ. ವಾರವೆಲ್ಲ ತನ್ನ ಆತ್ಮದ ಬಗ್ಗೆ ಒದ್ದಾಡಿ, ತನಗೆ ಬೇಡವಾದದ್ದನ್ನು ತೆಗೆದು ಅವನ ತಲೆಗೆ ಕಟ್ಟಹೊರಟಿದ್ದಳು. ಅವಳಿಗೆ ನಾಚಿಕೆಯಾಯಿತು.

"ಇಷ್ಟ್ ವರ್ಷ ಏನ್ ಮಾಡ್ತಿದ್ರಿ, ಅಣ್ಣಾ?" ಎಂದಳು. ಅವನನ್ನು ಅಣ್ಣಾ ಎಂದು ಕರೆದದ್ದು ಅದೇ ಮೊದಲು.

"ಅವ್ರು ಕರ್ಪೂರ ಹಚ್ಚೋವಾಗ ನೀರಂಚಲ್ಲಿ ನಿಲ್ತೀನಿ. ಮನಸ್ಸಲ್ಲೇ ಕರ್ತಂಗೆ ಸ್ತೋತ್ರಂ ಅಂತೀನಿ. ಆಮೇಲೆ ಮುಳುಗಿ ಗೂಟಕ್ಕೆ ಹಗ್ಗ ಬಿಗೀತೀನಿ. ಗದ್ದೆ ಎಲ್ಲಾರ್ದೂ ತಾನೇ."

ಇಂದುಜಾ ವೇಲುವಿಗೆ ಕೈಮುಗಿದಳು. ಇದನ್ನು ಹೊದೆಯಲು ತನ್ನ ನಂಬಿಕೆ ಬಿಡುವುದಿಲ್ಲ, ಮೊದಲ ದಿನವೇ ಬಾಯಿಬಿಟ್ಟು ಹೇಳದೆ ಇಲ್ಲಿವರೆಗೆ ಎಳೆದದ್ದು ತನ್ನ ತಪ್ಪು ಎಂದಳು. ವೇಲುವಿನ ಮುಖ ಬಿಗಿದುಕೊಂಡಿತು. ಹೇಳಿದ್ದರೆ ಇಷ್ಟು ಜನರ ಮುಂದೆ ತಟ್ಟೆ ಹಿಡಿದು ನಿಲ್ಲುವುದಾದರೂ ತಪ್ಪುತ್ತಿತ್ತು ಎಂದು, ವಸ್ತ್ರವನ್ನು ಒಯ್ದು ಏರಿಯಮ್ಮನ ಪಾದದ ಮೇಲೆ ಇಟ್ಟುಬಿಟ್ಟ. ನಾಗಮ್ಮಾಳ್ ಮಗಳತ್ತ ತಿರುಗಿಯೂ ನೋಡದೆ ಮನೆಯ ದಾರಿ ಹಿಡಿದಳು. ಚಿನ್ನಯ್ಯ ಮುಳುಗಿದ. ಮೇಲಿದ್ದವರು ಹಗ್ಗ ಎಳೆದರು, ಅವರ ಜೊತೆ ಇಂದುಜಾಳೂ ಎಳೆದಳು. ಗೂಟ ಕಿತ್ತು ಬಂತು, ಕೆಸರುನೀರು ಕಾಲುವೆಗೆ ನುಗ್ಗಿತು.

ಭಾನುವಾರ ಪಾಸ್ಟರ್ ಅದನ್ನು ದೊಡ್ಡ ಜಯ ಎಂದು ಸಾರಿದರು. ಸಿಸ್ಟರ್ ಊರಿಗೆ ಹೆದರದೆ ಸಾಕ್ಷಿ ಹೇಳಿದರು ಎಂದು ಹೊಗಳಿದರು. ಚಿನ್ನಯ್ಯನ ಹೆಸರು ಬರಲೇ ಇಲ್ಲ. ಕರ್ತನ ಭೋಜನದ ಹೊತ್ತಿಗೆ ರೊಟ್ಟಿ ಮತ್ತು ದ್ರಾಕ್ಷಾರಸದ ಮುಂದೆ ನಿಂತು, "ಇವತ್ತು ನಮ್ಮ ಅಧ್ಯಕ್ಷರು ಮೊದಲು ಬರಲಿ," ಎಂದರು.

ಮುಂದಿನ ಸಾಲಿನವರು ಸರಿದು ದಾರಿ ಬಿಟ್ಟರು. ಹೌದಲ್ಲ, ಇಲ್ಲೂ ಒಂದು ಮೊದಲ ಮರ್ಯಾದೆ ಇದೆ, ರೇಷ್ಮೆ ವಸ್ತ್ರ ಒಂದಿಲ್ಲ ಅಷ್ಟೇ ಎಂದು ಇಂದುಜಾಗೆ ಆಗ ಹೊಳೆಯಿತು. ಇಡೀ ಸಭೆಗೆ ಇರುವುದು ಒಂದೇ ಬಟ್ಟಲು. ಮುಂದಿನವರು ಕುಡಿದ ಮೇಲೆ, ಹಿಂದೆ ಕೂತ ಕೆಳಗಿನ ಬೀದಿಯವರು ಕುಡಿಯುತ್ತಿದ್ದರು. ಅದು ಹೀಗೇ ನಡೆದು ಬಂದಿತ್ತು, ಏಕೆಂದು ಯಾರೂ ಕೇಳುತ್ತಿರಲಿಲ್ಲ.

ಇಂದುಜಾ ಎದ್ದಳು. ಮುಂದೆ ಹೋಗದೆ ಹಿಂದಕ್ಕೆ ನಡೆದಳು. ಪಾಪಮ್ಮಾಳ್ ಗಾಬರಿಯಾಗಿ ಚಾಪೆಯ ಮೇಲೆ ಸರಿದು ಜಾಗ ಕೊಟ್ಟಳು.

"ನೀವು ಶುರು ಮಾಡಿ, ಪಾಸ್ಟರ್. ನಾವು ಆಮೇಲೆ ಬರ್ತೀವಿ."

ಆ ಸಾಲಿನ ಸರದಿ ಬಂದಾಗ ರಸ ಬಟ್ಟಲಿನ ತಳ ಸೇರಿತ್ತು. ಚಿನ್ನಯ್ಯ ಒಂದು ಗುಟುಕು ಕುಡಿದು, ಅಭ್ಯಾಸದಂತೆ ಬಟ್ಟಲನ್ನು ಪಾಸ್ಟರ್ ಕೈಗೆ ಹಿಂದಿರುಗಿಸಹೋದ. ಇಂದುಜಾ ಕೈಚಾಚಿ ಅದನ್ನು ಅವನಿಂದಲೇ ಇಸಿದುಕೊಂಡು ಕುಡಿದಳು.