ಐವರ ಕೋಣೆಯ ಕಾಯಿದೆ

ಧಾರವಾಡದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮೈಲಾರಪ್ಪ ಮಾಸ್ತರರಿಗೆ ಪ್ರಾಚೀನ ಚೀನಾದ ಕಾಯಿದೆವಾದಿಗಳೆಂದರೆ ಪ್ರಾಣ. ಮನುಷ್ಯ ಹುಟ್ಟಾ ಸ್ವಾರ್ಥಿ, ಪ್ರೀತಿ-ದಯೆ ನಂಬಿಕೊಂಡು ರಾಜ್ಯ ನಡೆಯದು, ಶಿಕ್ಷೆಯ ಭಯ ಮತ್ತು ಬಹುಮಾನದ ಆಸೆ ಇವೆರಡೇ ಸಾಕು ಎಂದು ಆ ಪಂಡಿತರು ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರಂತೆ. ಪಾಠ ಪಾಠವಾಗಿಯೇ ಉಳಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ೧೯೬೧ರಲ್ಲಿ ಉಚಿತ ಬೋರ್ಡಿಂಗಿನ ಮೇಲ್ವಿಚಾರಣೆ ಅವರ ಕೈಗೆ ಬಂತು ನೋಡಿ, ಪುಣ್ಯಾತ್ಮ ಅದನ್ನೇ ಅಲ್ಲಿ ಜಾರಿಗೆ ತಂದರು.

ಕೋಣೆಗೆ ಐದು ಹುಡುಗರು. ಒಬ್ಬ ತಪ್ಪು ಮಾಡಿದರೆ ಉಳಿದವರು ಬಂದು ಹೇಳಬೇಕು. ಹೇಳಿದವನಿಗೆ ಎಲ್ಲ ಮಾಫಿ. ಯಾರೂ ಹೇಳದೆ ಮುಚ್ಚಿಟ್ಟರೆ ಐವರೂ ಹೊರಗೆ. ಹಳೆಯ ಚೀನಾದಲ್ಲಿ ಮನೆಗಳನ್ನೂ ಹೀಗೇ ಐದೈದಾಗಿ ಕಟ್ಟಿಹಾಕಿದ್ದರಂತೆ. ತಮ್ಮ ಮಗ ಉಡಚಪ್ಪನನ್ನೂ ಮನೆ ಬಿಡಿಸಿ ಅಂಥದೊಂದು ಕೋಣೆಗೆ ಹಾಕಿದರು. ಹೆಂಡತಿ ಸಾವಕ್ಕ ತಕರಾರು ತೆಗೆದಾಗ, "ಕಾಯ್ದಿಗೆ ಮಗಾ, ಮಗಳು ಅಂತ ಇರೂದಿಲ್ಲ" ಎಂದು ಬಾಯಿ ಮುಚ್ಚಿಸಿದರು.

ಅದೇ ಕೋಣೆಯ ಫಕೀರಪ್ಪ ಉಡಚಪ್ಪನ ಜೀವದ ಗೆಳೆಯ. ಅವನ ವಿಧವೆ ತಾಯಿ ದಾನವ್ವ ಕೂಲಿ ಸಿಗದ ದಿನ ಬೋರ್ಡಿಂಗಿನ ಹಿತ್ತಲ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಊಟ ಹೊರಗೆ ಒಯ್ಯುವಂತಿರಲಿಲ್ಲ, ಅದು ದಾನದ ಜೋಳ. ಆದರೂ ಫಕೀರಪ್ಪ ತನ್ನ ಪಾಲಿನ ಎರಡು ರೊಟ್ಟಿಯಲ್ಲಿ ಒಂದನ್ನು ಮಡಚಿ ಅಂಗಿಯೊಳಗಿಟ್ಟುಕೊಂಡು ಹೋಗಿ ಕೊಡುತ್ತಿದ್ದ. ಕ್ರಮೇಣ ಉಡಚಪ್ಪನೂ ತನ್ನದೊಂದನ್ನು ಮಡಚತೊಡಗಿದ. "ಇವನೂ ನನ್ನ ಮಗಾನ ಬಿಡು" ಎಂದು ದಾನವ್ವ ಅವನ ಗಲ್ಲ ಸವರುತ್ತಿದ್ದಳು.

ಅಡುಗೆಯವನಿಗೆ ವಾಸನೆ ಹತ್ತಿತು. ರೊಟ್ಟಿ ಹೊರಗೆ ಹೋಗುತ್ತಿದೆ, ನಾಳೆ ವಿಚಾರಣೆ ಎಂದು ಮಾಸ್ತರರು ಸಾರಿದರು. ಅಂದು ಮಧ್ಯಾಹ್ನವೇ ಉಡಚಪ್ಪ ಆಫೀಸಿಗೆ ಬಂದು ಫಕೀರಪ್ಪನ ಹೆಸರು ಹೇಳಿದ. ತಾನೂ ಕೊಟ್ಟೆನೆಂದು ಹೇಳಿ ಅತ್ತ.

ಕಾಯಿದೆಯಂತೆ ಉಡಚಪ್ಪನಿಗೆ ಮಾಫಿಯಾಯಿತು. ಫಕೀರಪ್ಪ ಟ್ರಂಕು ಹೊತ್ತುಕೊಂಡು ಹೊರಟ. ಹೇಳಿದವರು ಯಾರೆಂದು ದಾನವ್ವನಿಗೆ ಗೊತ್ತಿರಲಿಲ್ಲ. ಮಗನ ಹಾಸಿಗೆ ಕಂಕುಳಲ್ಲಿ ಹಿಡಿದುಕೊಂಡೇ ಉಡಚಪ್ಪನ ಗಲ್ಲ ಸವರಿ, "ನೀನರ ಛಲೋತ್ನ್ಯಾಗ ಓದಪಾ" ಎಂದಳು.

ಸಂಜೆ ಮಾಸ್ತರರು ಮಗನನ್ನು ಮನೆಗೆ ಕರೆತಂದರು. ಸಿದ್ಧಾಂತ ಅಕ್ಷರಶಃ ಗೆದ್ದಿತ್ತು, ಆದರೆ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ತಟ್ಟೆ ಸರಿಸಿದರು. ಜಗತ್ತೆಲ್ಲ ಸ್ವಾರ್ಥಿಯಾಗಿದ್ದರೂ ತಮ್ಮ ಮಗನೊಬ್ಬ ಹಾಗಿರದಿರಲಿ ಎಂದು ತಾವು ಒಳಗೊಳಗೇ ಆಸೆಪಟ್ಟಿದ್ದು ಅವರಿಗೆ ಈಗ ತಿಳಿಯಿತು.

"ಗೆಳ್ಯಾನ ಹೆಸರು ಹೇಳಾಕ ನಿನಗ ಮನಸ್ಸರ ಹೆಂಗ ಬಂತೋ?"

"ಹೇಳದಿದ್ರ ನನ್ನೂ ಹೊರಗ ಹಾಕ್ತಿದ್ರಿ."

"ಹಾಕಿದ್ರ ಏನಾತು? ಮನಿ ಇತ್ತಲ್ಲೋ! ಅಪ್ಪ ಅಂತ ನಾ ಇದ್ದೆನಲ್ಲೋ!"

ಹುಡುಗ ತಲೆ ಎತ್ತಿದ. "ಮನ್ಯಾಗ ಇಟ್ಕೋತಿದ್ರೇನ್ರಿ ಅಪ್ಪಾ? ಕಾಯ್ದಿಗೆ ಮಗಾ ಅಂತ ಇರೂದಿಲ್ಲ ಅಂದಿದ್ರಲ್ರಿ?"

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದ. ಸಾವಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಉಡಚಪ್ಪ ಒಂದು ರೊಟ್ಟಿ ಉಂಡ. ಎರಡನೆಯದನ್ನು ರೂಢಿಯಂತೆ ಮಡಚಿದ. ಕೈ ಅಂಗಿಯವರೆಗೆ ಹೋಗಿ ನಿಂತಿತು.

ಮಾಸ್ತರರು ಮಗನ ತಲೆ ನೇವರಿಸಬೇಕೆಂದು ಕೈ ಎತ್ತಿದರು. ಹೊಡೆಯಲು ಬಂದರೆಂದುಕೊಂಡ ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.