ಎರಡು ಕಾಲಿಗೆ ಎರಡು ಅಳತೆ

ನ್ಯಾಮತಿಯ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಪಂಚಾಕ್ಷರಪ್ಪನಿಗೆ ಮೂರನೇ ವಯಸ್ಸಿಗೇ ಪೋಲಿಯೊ ಬಂದು ಎಡಗಾಲು ಸಣಕಲಾಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಅದರ ಮೇಲೆ ಪ್ಯಾಂಟು ಹಾಕುತ್ತಿದ್ದ. ೧೯೭೮ರಲ್ಲಿ ಸವಳಂಗದಿಂದ ಒಂದು ಹೆಣ್ಣು ನೋಡಲು ಕರೆ ಬಂದಾಗ ಅಣ್ಣ ಕಲ್ಲೇಶಪ್ಪ ಅವನನ್ನು ಜಯದೇವಪ್ಪನ ಟೈಲರ್ ಅಂಗಡಿಗೆ ಎಳೆದೊಯ್ದ.

"ಬೆಲ್‌ಬಾಟಮ್ ಹೊಲಿರಿ. ಅಗಲ ಇದ್ರೆ ಯಾವ ಕಾಲು ಹೆಂಗೈತೆ ಅಂತ ಗೊತ್ತಾಗಂಗಿಲ್ಲ."

ಜಯದೇವಪ್ಪ ಎಂದಿನಂತೆ ಬಲಗಾಲಿಗೆ ಮಾತ್ರ ಟೇಪು ಹಿಡಿದ.

"ಎಡಗಾಲು?" ಪಂಚಾಕ್ಷರಪ್ಪ ಕೇಳಿದ.

"ಅದನ್ಯಾಕೆ ಅಳೀಬೇಕು? ಎರಡೂ ಒಂದೇ ಸೈಜು ಮಾಡ್ತೀನಿ ಬಿಡ್ರಿ."

ಒಂದೇ ಸೈಜಿನ ಪ್ಯಾಂಟಿನ ಸುಖ ಪಂಚಾಕ್ಷರಪ್ಪನಿಗೆ ಗೊತ್ತಿತ್ತು. ಹೋದ ತಿಂಗಳಷ್ಟೇ ಜೋಲು ಬಟ್ಟೆ ಕಾಲಿಗೆ ಸಿಕ್ಕಿ, ಬಸ್ಸಿನ ಮೆಟ್ಟಿಲಿಂದ ಮುಗ್ಗರಿಸಿ ಮೊಣಕೈ ತರಚಿಕೊಂಡಿದ್ದ. ಅವನು ಹೊಲಿಸಲು ತಂದಿದ್ದ ಬಟ್ಟೆ ಮಡಚಿ ಕಂಕುಳಿಗಿಟ್ಟುಕೊಂಡು ಎದ್ದ.

"ನಂದು ನಾನೇ ಹೊಲ್ಕೋತೀನಿ."

ಪಕ್ಕದ ಮನೆಯ ಅಖ್ತರ್‌ಬೀ ರವಿಕೆ ಹೊಲಿಯುವಾಕೆ. ಅವಳದು ಕೈಯಲ್ಲಿ ತಿರುಗಿಸುವ ಮಿಷನ್ನು. "ಗಂಡಸರ ಪ್ಯಾಂಟು ನಂಗೆ ಬರಂಗಿಲ್ಲ ತಮ್ಮ. ಮಿಷನ್ ಐತೆ, ಹೊಲ್ಕೋ. ಮೊದ್ಲು ಹಳೇ ಬಟ್ಟೆಯಾಗೆ ನೋಡು" ಎಂದಳು.

ಅವನು ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು ಸೊಂಟ ಅಳೆದ. ಹಳೇ ಪಂಚೆಯಲ್ಲಿ ಹೊಲಿದ ಪ್ಯಾಂಟು ನಿಂತಾಗ ಚೆನ್ನಾಗಿಯೇ ಕೂತಿತು. ಜಗಲಿಯ ಮೇಲೆ ಕುಳಿತದ್ದೇ ತಡ, ಹಿಂದೆ ಪರ್‍ರನೆ ಹರಿಯಿತು.

ಅಖ್ತರ್‌ಬೀ ಸೆರಗು ಬಾಯಿಗಿಟ್ಟು ನಕ್ಕಳು. "ಕುಂತು ಅಳತೆ ತಗಾ. ಸೀಟಿನ ಅಳತೆ ಮೊದ್ಲು. ಸೊಂಟ ದೊಡ್ಡದಾದ್ರೆ ಆಮೇಲೆ ಹಿಡೀಬೋದು, ಸೀಟು ಸಾಲದಿದ್ರೆ ಬಟ್ಟೆ ಎಲ್ಲಿಂದ ತರ್ತಿ?"

ಎರಡನೇ ಸಲ ಅವನು ಕುಳಿತು ಅಳೆದ. ಬಲಗಾಲಿನದು ಬೇರೆ ಬರೆದ. ಎಡಗಾಲನ್ನು ಪಟ್ಟಿಯ ಮೇಲಿಂದಲೇ ಅಳೆದ: ತೊಡೆಗೆ ಕಿರಿದು, ಮಂಡಿಯ ಕೀಲು ಮಡಚುವಲ್ಲಿ ಎರಡಿಂಚು ಸಡಿಲ, ಕೆಳಗೆ ಮತ್ತೆ ಕಿರಿದು. ಇಪ್ಪತ್ತಾರು ವರ್ಷದಲ್ಲಿ ಬಟ್ಟೆಗೆಂದು ಆ ಕಾಲಿಗೆ ಟೇಪು ತಾಗಿದ್ದು ಅದೇ ಮೊದಲು. ಅಳೆಯುವಾಗ ಅವನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು.

ಹೊರಡುವ ದಿನ ಹೊಸ ಪ್ಯಾಂಟು ನೋಡಿ ಕಲ್ಲೇಶಪ್ಪ ಹೌಹಾರಿದ. "ಏನಲೇ ಇದು! ಒಂದು ದಪ್ಪ ಒಂದು ಸಣ್ಣ, ಎದ್ದು ಕಾಣ್ತೈತಲ್ಲೋ!"

"ಇರೋದೇ ಹಂಗಲ್ಲೇನಣ್ಣ?"

ಸವಳಂಗದಲ್ಲಿ ಹುಡುಗಿಯ ತಂದೆ ಬೆನಕಪ್ಪನವರ ಕಣ್ಣು ಕಾಲ ಮೇಲೇ ನೆಟ್ಟಿತು. "ಸಣ್ಣೋನಿದ್ದಾಗ ಸ್ವಲ್ಪ ಉಳುಕಿತ್ತು..." ಎಂದು ಕಲ್ಲೇಶಪ್ಪ ಶುರುಮಾಡಿದ.

"ಉಳುಕಲ್ಲರೀ, ಪೋಲಿಯೊ. ಪಟ್ಟಿ ಬಿಚ್ಚಿದ್ರೆ ನಡೆಯಾಕೆ ಬರಂಗಿಲ್ಲ. ಕಟ್ಟಿಕೊಂಡ್ರೆ ಎಲ್ಲಾ ಕಡೆ ಓಡಾಡ್ತೀನಿ" ಎಂದ ಪಂಚಾಕ್ಷರಪ್ಪ.

ಬೆನಕಪ್ಪನವರು ಅವಲಕ್ಕಿಯ ತಟ್ಟೆ ಮುಂದೆ ಸರಿಸಿ, ಹೇಳಿ ಕಳಿಸ್ತೀವಿ ಅಂದರು. ವಾರದೊಳಗೆ ಒಲ್ಲೆವೆಂದು ಹೇಳಿ ಕಳಿಸಿದರು.

"ಆ ಹಾಳು ಪ್ಯಾಂಟಿಂದ ಸಂಬಂಧ ಹೋತು!" ಅಣ್ಣ ಕೂಗಾಡಿದ.

"ಬೆಲ್‌ಬಾಟಮ್ ಹಾಕಿ ಮದುವೆ ಮಾಡಿದ್ರೆ, ಆಮೇಲೆ ಅದನ್ನ ಹಾಕ್ಕಂಡೇ ಮಲಗಬೇಕಿತ್ತೇನು ನಾನು?"

ಒಳಗಿದ್ದ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕಲ್ಲೇಶಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಪಂಚಾಕ್ಷರಪ್ಪನಿಗೆ ಒಳಗೊಳಗೇ ನೋವಾಗದಿರಲಿಲ್ಲ, ಹುಡುಗಿ ಲಕ್ಷಣವಾಗಿದ್ದಳು. ಆದರೂ ಭಾನುವಾರ ಕಾಫಿ ಬಣ್ಣದ ಬಟ್ಟೆ ತಂದು ಅಖ್ತರ್‌ಬೀಯ ಜಗಲಿಯಲ್ಲಿ ಹರವಿದ, ಸೀಮೆಸುಣ್ಣ ಹಿಡಿದು ಮೊದಲು ಎಡಗಾಲಿನ ಗೆರೆ ಎಳೆದ.