ಪಟ್ಟಿಯ ಮೊದಲ ಹೆಸರು

ಕೆನ್ಯಾದ ಮಚಾಕೋಸ್ ಕಡೆಯ ಹೆಂಗಸರಿಗೆ ಸೋಮವಾರ ಬಂತೆಂದರೆ ಕೈ ಕೆಲಸದ ಮೇಲೆ, ಕಣ್ಣು ಫೋನಿನ ಮೇಲೆ. ಜನರ ಉಳಿತಾಯ ಕೂಡಿಸಿ ಸಾಲಕ್ಕೆ ಬಿಡುವ ಯಾವ ಮನಿ ಮಾರ್ಕೆಟ್ ಫಂಡ್ ಈ ವಾರ ಎಷ್ಟು ಬಡ್ಡಿ ಕೊಡುತ್ತಿದೆ ಎಂಬ ಪಟ್ಟಿ ಅಂದು ಊರೆಲ್ಲ ಹರಿದಾಡುತ್ತದೆ. ಪಟ್ಟಿಯಲ್ಲಿ ಯಾರ ಹೆಸರು ಮೊದಲೋ ಅತ್ತ ಎಲ್ಲರ ಓಟ. ಮುಂದಿನ ವಾರ ಇನ್ನೊಂದು ಹೆಸರು ಮೇಲೆ ಬಂದರೆ ಓಟ ಅತ್ತ ತಿರುಗುತ್ತದೆ.

ಕಮೆನೆಯದೂ ಅದೇ ಓಟ. ಕತ್ತಾಳೆ ನಾರಿನಿಂದ ಚೀಲ ಹೆಣೆಯುವ ಹದಿನಾಲ್ಕು ಹೆಂಗಸರ ಉಳಿತಾಯದ ಗುಂಪಿಗೆ, ಅಲ್ಲಿನವರು ಚಾಮಾ ಎನ್ನುತ್ತಾರೆ, ಅವಳೇ ಖಜಾಂಚಿ. ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ನಾಲ್ಕು ಲಕ್ಷ ಶಿಲ್ಲಿಂಗ್ ಅವಳ ಸುಪರ್ದಿನಲ್ಲಿತ್ತು. ನಾರು ಬಿಡಿಸುವ ಯಂತ್ರವೊಂದನ್ನು ಗೊತ್ತುಮಾಡಿ ಅರವತ್ತು ಸಾವಿರ ಮುಂಗಡವನ್ನೂ ಬೇರೆಯಾಗಿ ಕೊಟ್ಟಾಗಿತ್ತು. ಆಗಸ್ಟ್ ಹತ್ತರೊಳಗೆ ಉಳಿದದ್ದನ್ನು ಕಟ್ಟದಿದ್ದರೆ ಯಂತ್ರವೂ ಇಲ್ಲ, ಮುಂಗಡವೂ ಇಲ್ಲ. ಮತ್ತೆ ಚಾಕು ಹಿಡಿದು ಎಲೆ ಕೆರೆಯುವುದೇ ಗತಿ. ಕತ್ತಾಳೆಯ ರಸ ತಾಗಿ ಅಂಗೈ ಹುಣ್ಣಾಗದ ಹೆಂಗಸು ಆ ಗುಂಪಿನಲ್ಲಿ ಒಬ್ಬಳೂ ಇರಲಿಲ್ಲ.

ಇನ್ನೂ ನಾಲ್ಕು ತಿಂಗಳಿದೆ, ಹಣ ಸುಮ್ಮನೆ ಯಾಕೆ ಬಿದ್ದಿರಬೇಕು ಎಂದು ಕಮೆನೆ ಏಪ್ರಿಲ್ ಸಭೆಗೆ ಅರ್ಜಿ ತುಂಬಿಕೊಂಡೇ ಬಂದಳು. ಪಟ್ಟಿಯ ಮೊದಲ ಹೆಸರು, ವರ್ಷಕ್ಕೆ ನೂರಕ್ಕೆ ಹದಿನಾರು ಬಡ್ಡಿ. ಎಲ್ಲರೂ ಕೈ ಎತ್ತಿದರು. ಅವಳು ಸಹಿ ಹಾಕಿದಳು, ಅಧ್ಯಕ್ಷೆ ಕವಾತಾ ಅಜ್ಜಿ ಹಾಕಿದಳು. ಮೂರನೆಯ ಸಹಿ ಮುಂಬುವಾಳದು. ಹಿಂದೆ ಹನ್ನೊಂದು ವರ್ಷ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದವಳು. ಅವಳು ಪೆನ್ನು ಕೆಳಗಿಟ್ಟಳು.

“ಒಂದು ವಾರ ಕೊಡಿ ಅಕ್ಕ. ನೋಡಿ ಹೇಳ್ತೀನಿ.”

“ನೋಡೋಕೇನಿದೆ ಕಣೇ? ನಂಬರ್ ಕಣ್ಣೆದುರಿಗೇ ಇದೆಯಲ್ಲ.”

ಸಭೆ ಒಪ್ಪಿದ ಕೆಲಸಕ್ಕೆ ಸಹಿ ತಡಮಾಡಿದರೆ ಇನ್ನೂರು ಶಿಲ್ಲಿಂಗ್ ದಂಡ, ಇದು ಆ ಚಾಮಾದ ನಿಯಮ. ಕಮೆನೆ ಮುಲಾಜಿಲ್ಲದೆ ದಂಡ ಕೇಳಿದಳು. ಮುಂಬುವಾ ಅಲ್ಲೇ ಕಟ್ಟಿದಳು. ತನ್ನ ಗಂಟಿನಿಂದ ದಂಡ ಕಟ್ಟಿ ಹದಿನಾಲ್ಕು ಜನರ ಗಂಟು ಕಾಯುವವರು ಎಷ್ಟು ಮಂದಿ ಇದ್ದಾರೆ ಹೇಳಿ. ಅಂದು ಕಮೆನೆಗೆ ಮಾತ್ರ ಅದು ಬರೀ ಹಟವಾಗಿ ಕಂಡಿತು.

ಮುಂದಿನ ವಾರ ಮುಂಬುವಾ ಎರಡು ಫಂಡುಗಳ ತಿಂಗಳ ವರದಿ ಹಿಡಿದು ಬಂದಳು. ಒಂದು ಪಟ್ಟಿಯ ಮೊದಲನೆಯದು, ಇನ್ನೊಂದು ಒಂಬತ್ತನೆಯದು. ಎಲ್ಲರೂ ಮೆಕ್ಕೆಜೋಳದ ಮುಥೊಕೊಯಿ ತಿನ್ನುತ್ತಿದ್ದರು. ಅವಳು ಕಮೆನೆಯ ಪಕ್ಕ ಕೂತಳು.

“ಅಕ್ಕ, ಸಂತೇಲಿ ಚೀಲ ಕೊಳ್ಳೋವಾಗ ಬಣ್ಣ ನೋಡಿ ದುಡ್ಡು ಕೊಡ್ತೀರಾ?”

“ನನಗೇನು ತಲೆ ಕೆಟ್ಟಿದೆಯಾ? ತಳ ತಿರುಗಿಸಿ ನೋಡ್ತೀನಿ.”

“ಹಂಗಾದ್ರೆ ಇದರ ತಳಾನೂ ನೋಡೋಣ.”

ಪಟ್ಟಿಯಲ್ಲಿರುವುದು ಈ ವಾರದ ನಂಬರು ಮಾತ್ರ ಎಂದಳು. ವರ್ಷದ ಸರಾಸರಿ ತೆಗೆದರೆ, ಫಂಡಿನವರ ಖರ್ಚು ಕಳೆದು, ಮೊದಲನೆಯದು ಕೊಟ್ಟದ್ದು ಹದಿನಾಲ್ಕು. ಅದೂ ಒಂದು ತಿಂಗಳು ಹತ್ತು, ಇನ್ನೊಂದು ತಿಂಗಳು ಹದಿನೆಂಟು. ಸರಾಸರಿಯಿಂದ ಏರಿಳಿತ ಸುಮಾರು ಎರಡೂವರೆ. ಒಂಬತ್ತನೆಯದು ಕೊಟ್ಟದ್ದು ಹನ್ನೊಂದೂವರೆ, ಏರಿಳಿತ ಬರೀ ಅರ್ಧ.

“ಸರ್ಕಾರಕ್ಕೆ ಮೂರು ತಿಂಗಳಿಗೆ ಸಾಲ ಕೊಟ್ರೆ ಅಪಾಯವೇ ಇಲ್ದೆ ವರ್ಷಕ್ಕೆ ಒಂಬತ್ತರ ಲೆಕ್ಕದಲ್ಲಿ ಬಡ್ಡಿ ಸಿಗುತ್ತೆ. ಅದಕ್ಕಿಂತ ಹೆಚ್ಚಿಗೆ ಎಷ್ಟು ಬಂತು ನೋಡಿ, ಏರಿಳಿತದಿಂದ ಭಾಗಿಸಿ. ನೀವೇ ಮಾಡಿ ಅಕ್ಕ.”

ಕಮೆನೆ ಫೋನಿನಲ್ಲಿ ಒತ್ತಿದಳು. ಮೊದಲನೆಯದಕ್ಕೆ ಹೆಚ್ಚಿಗೆ ಬಂದದ್ದು ಐದು, ಎರಡೂವರೆಯಿಂದ ಭಾಗಿಸಿದರೆ ಎರಡು. ಇನ್ನೊಂದಕ್ಕೆ ಎರಡೂವರೆ, ಅರ್ಧದಿಂದ ಭಾಗಿಸಿದರೆ ಐದು. ತಪ್ಪಾಯಿತೇನೋ ಎಂದು ಮತ್ತೊಮ್ಮೆ ಒತ್ತಿದಳು. ಅಷ್ಟೇ ಬಂತು.

“ಹೊತ್ತ ಅಪಾಯಕ್ಕೆ ತಕ್ಕ ಕೂಲಿ ಸಿಗ್ತಿದೆಯಾ ಅಂತ ಈ ನಂಬರ್ ಹೇಳುತ್ತೆ,” ಎಂದಳು ಮುಂಬುವಾ. “ದೊಡ್ಡದಿದ್ದಷ್ಟೂ ಒಳ್ಳೇದು.”

ಕವಾತಾ ಅಜ್ಜಿ ಸುಮ್ಮನಿರುವವಳಲ್ಲ. “ಆದ್ರೂ ಹನ್ನೊಂದೂವರೆಗಿಂತ ಹದಿನಾಲ್ಕು ದೊಡ್ಡದು ತಾನೇ ಮಗಳೇ?”

“ದೊಡ್ಡದೇ ಅಜ್ಜಿ. ನಾಲ್ಕು ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಹೆಚ್ಚಿಗೆ ಬರುತ್ತೆ. ಅದಕ್ಕೋಸ್ಕರ ಅರವತ್ತು ಸಾವಿರದ ಮುಂಗಡ ಪಣಕ್ಕಿಡ್ತೀರಾ?”

ಯಾಕೆ ಪಣ ಎಂಬುದನ್ನೂ ಬಿಡಿಸಿ ಹೇಳಿದಳು. ಫಂಡಿನವರು ನಮ್ಮ ಹಣವನ್ನು ಇನ್ನೊಬ್ಬರಿಗೆ ಸಾಲ ಕೊಟ್ಟಿರುತ್ತಾರೆ. ಮೊದಲನೆಯವರ ಸಾಲ ತಿರುಗಿ ಬರಲು ಸರಾಸರಿ ಹತ್ತು ತಿಂಗಳು, ಅದರಲ್ಲಿ ಮೂರನೇ ಒಂದು ಪಾಲು ಒಂದೇ ಕಂಪನಿಗೆ. ಒಂಬತ್ತನೆಯವರದು ಎರಡೇ ತಿಂಗಳು, ಹಲವರಿಗೆ ಹಂಚಿದ್ದು. ಮಾರುಕಟ್ಟೆಯಲ್ಲಿ ಬಡ್ಡಿ ಏರಿದರೆ ಕಡಿಮೆ ಬಡ್ಡಿಯ ಹಳೇ ಸಾಲಪತ್ರಗಳನ್ನು ಯಾರೂ ಹಳೇ ಬೆಲೆಗೆ ಕೊಳ್ಳುವುದಿಲ್ಲ. ಅವಧಿ ಉದ್ದವಿದ್ದಷ್ಟೂ ಪೆಟ್ಟು ಜೋರು. ಅದೇ ಹೊತ್ತಿಗೆ ನಾವು ಹಣ ಕೇಳಿದರೆ ಅವರು ಎಲ್ಲಿಂದ ತಂದಾರು?

ಕಮೆನೆಗೆ ನಾಚಿಕೆಯಾಯಿತು, ಅದರ ಹಿಂದೆಯೇ ಹೆಮ್ಮೆಯೂ ಆಯಿತು. ಇಷ್ಟು ತಿಳಿದವಳು ತಮ್ಮ ನಡುವೆ ಕೂತು ತಮ್ಮಂತೆಯೇ ನಾರು ಹೊಸೆಯುತ್ತಿದ್ದಾಳಲ್ಲ. ಹಳೇ ಅರ್ಜಿಯನ್ನು ತಾನೇ ಹರಿದು, ಒಂಬತ್ತನೆಯ ಫಂಡಿಗೆ ಹೊಸದು ತುಂಬಿದಳು. ಈ ಸಲ ಮೂರೂ ಸಹಿ ಬಿದ್ದವು.

ಜೂನ್ ತಿಂಗಳಲ್ಲಿ ಬಡ್ಡಿ ಏರಿತು. ಮೊದಲ ಹೆಸರಿನ ಫಂಡೇನೂ ಮುಳುಗಲಿಲ್ಲ. ಅಲ್ಲಿ ಹಣವಿಟ್ಟ ಪಕ್ಕದ ಊರಿನ ಚಾಮಾಕ್ಕೂ ಹಣ ಬಂತು. ಕೇಳಿದ ಮೇಲೆ ಮೂರು ವಾರಕ್ಕೆ ಬಂತು, ಅಷ್ಟೇ. ಕಮೆನೆಯ ಗುಂಪಿನವರು ಆಗಸ್ಟ್ ಐದಕ್ಕೆ ಕೇಳಿದರು, ಏಳಕ್ಕೆ ಕೈಗೆ ಬಂತು, ಎಂಟಕ್ಕೆ ಯಂತ್ರ ಅಂಗಳದಲ್ಲಿ ಇಳಿಯಿತು. ಮೂರು ವಾರ ತಡವಾಗಿದ್ದರೆ ಆಗಸ್ಟ್ ಹತ್ತು ದಾಟಿ ಯಂತ್ರವೂ ಮುಂಗಡವೂ ಕೈತಪ್ಪುತ್ತಿತ್ತೆಂದು ಕಮೆನೆ ಲೆಕ್ಕ ಹಾಕಿದಳು. ಆಮೇಲೆ ಹೋಗಿ ಮುಂಬುವಾಳ ಕೈ ಹಿಡಿದುಕೊಂಡಳು.

“ನೀನು ಅವತ್ತು ಸಹಿ ಹಾಕಿದ್ರೆ ನಾನು ಇವತ್ತು ಇವರಿಗೆಲ್ಲ ಹೆಂಗೆ ಮುಖ ತೋರಿಸ್ತಿದ್ದೆ?”

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಗುಂಪಿನಲ್ಲೂ ಸಹಿ ಹಾಕುವ ಮುಂಚೆ ಪೆನ್ನು ಕೆಳಗಿಡುವವಳೊಬ್ಬಳು ಇದ್ದಾಳು. ಅವಳನ್ನು ಗದರಿ ಬಾಯಿ ಮುಚ್ಚಿಸಬೇಡಿ. ಯಾವ ಫಂಡೂ ಖಾತರಿಯಲ್ಲ. ವರ್ಷದ ಸರಾಸರಿ ಎಷ್ಟು, ಏರಿಳಿತ ಎಷ್ಟು, ಖರ್ಚು ಎಷ್ಟು ಹಿಡಿಯುತ್ತಾರೆ, ಯಾರಿಗೆ ಎಷ್ಟು ದಿನಕ್ಕೆ ಸಾಲ ಕೊಟ್ಟಿದ್ದಾರೆ ಎಂದು ವರದಿ ತರಿಸಿ ನೋಡಿ. ಕೊನೆಗೆ ಇದೊಂದನ್ನು ಕೇಳದೆ ಸಹಿ ಹಾಕಬೇಡಿ: ನಮಗೆ ಬೇಕಾದ ದಿನ ನಮ್ಮ ಹಣ ನಮ್ಮ ಕೈಗೆ ಬರುತ್ತದೆಯೇ?